ಬೊಕ್ಕತಲೆ ಮತ್ತು ಬೆಳಕು: ಒಂದು ಚಿಕಿತ್ಸೆಯ ಎರಡು ಜನ್ಮಗಳು

೧

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಮಾರಿರೋಗಗಳನ್ನೂ ಅವುಗಳನ್ನು ಗೆದ್ದ ಮಹನೀಯರನ್ನೂ ಕುರಿತು ಬರೆಯುತ್ತಾರೆ. ಪ್ರಾಣಕ್ಕೆ ಎರವಾಗದಿದ್ದರೂ ಮನುಷ್ಯನ ಮನಸ್ಸನ್ನು ಬಿಡದೆ ಕಾಡುವ ಸಣ್ಣ ಕೊರತೆಗಳಿಗೆ ಆ ಇತಿಹಾಸದಲ್ಲಿ ಸ್ಥಾನ ದೊರೆಯುವುದು ಅಪರೂಪ. ಗಂಡಸರಿಗೆ ವಯಸ್ಸಿನೊಡನೆ ಬರುವ ಬೊಕ್ಕತಲೆ ಅಂತಹ ಕೊರತೆಗಳಲ್ಲೊಂದು. ಅದರಿಂದ ಯಾರೂ ಸಾಯುವುದಿಲ್ಲ; ಆದರೆ ಅದಕ್ಕೆ ಮದ್ದು ಹುಡುಕದ ಕಾಲವಾಗಲಿ ದೇಶವಾಗಲಿ ಇಲ್ಲ. ಎಣ್ಣೆ, ಲೇಪ, ಉಜ್ಜುವಿಕೆ, ವಿದ್ಯುತ್ತು, ಕೊನೆಗೆ ಬೆಳಕು—ಹೀಗೆ ಆಯಾ ಯುಗದ ನಂಬಿಕೆಗಳೆಲ್ಲ ಒಂದಲ್ಲ ಒಂದು ಸಲ ಮನುಷ್ಯನ ನೆತ್ತಿಯ ಮೇಲೆ ಪ್ರಯೋಗಗೊಂಡಿವೆ.

ಇವುಗಳಲ್ಲಿ ಬೆಳಕಿನ ಚಿಕಿತ್ಸೆಯ ಕಥೆಯನ್ನು ಮಾತ್ರ ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದೆ. ಅದಕ್ಕೆ ಕಾರಣವಿದೆ. ಬೆಳಕಿನಿಂದ ಕೂದಲು ಬೆಳೆಯುತ್ತದೆಂಬ ಮಾತು ವೈದ್ಯರ ನಡುವೆ ಎರಡು ಸಲ ಹುಟ್ಟಿತು. ಮೊದಲನೆಯದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ನಂಬಿ. ಎರಡನೆಯದು ೧೯೬೦ರ ದಶಕದ ಕೊನೆಯಲ್ಲಿ, ಕೆಂಪು ಬಣ್ಣದ ಲೇಸರ್ ಬೆಳಕನ್ನು ನಂಬಿ. ಎರಡಕ್ಕೂ ಕೊಟ್ಟ ಕಾರಣಗಳು ಬೇರೆ, ಬಳಸಿದ ಕಿರಣಗಳು ಬೇರೆ. ಆದರೆ ಮಾಡಿದ ವಾಗ್ದಾನ ಒಂದೇ. ಮೊದಲನೆಯದು ಮರೆತುಹೋಯಿತು, ಎರಡನೆಯದು ಇಂದಿಗೂ ಬಳಕೆಯಲ್ಲಿದೆ. ಇವೆರಡನ್ನು ಪ್ರತ್ಯೇಕಿಸಿದುದು ಯಾವುದು? ಸಿದ್ಧಾಂತದ ಬಲವೆ, ಉಪಕರಣದ ಶಕ್ತಿಯೆ, ಅಥವಾ ಪರೀಕ್ಷಿಸುವ ಕ್ರಮವೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಇಲ್ಲಿಯ ಪ್ರಯತ್ನ.

೨

ಮೊದಲು ರೋಗದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಏಕೆಂದರೆ ಈ ಇತಿಹಾಸದಲ್ಲಿ ನಡೆದ ತಪ್ಪುಗಳಲ್ಲಿ ಹಲವು, ಎರಡು ಬೇರೆ ಬೇರೆ ರೋಗಗಳನ್ನು ಒಂದೇ ಹೆಸರಿನಿಂದ ಕರೆದುದರಿಂದ ಉಂಟಾದುವು. ನಮ್ಮ ಆಯುರ್ವೇದದ ಆಚಾರ್ಯರಲ್ಲಿ ವಾಗ್ಭಟನು ಇಂದ್ರಲುಪ್ತವನ್ನೂ ಖಲತಿಯನ್ನೂ ಒಟ್ಟಿಗೆ ಹೇಳಿದರೂ, ಖಲತಿಯಲ್ಲಿ ಕೂದಲು ಕ್ರಮಕ್ರಮವಾಗಿ ಉದುರುತ್ತದೆಂದು ಭೇದವನ್ನು ಸೂಚಿಸಿದ್ದಾನೆ. ಇಂದಿನ ಚರ್ಮವೈದ್ಯರು ಮಾಡುವ ವಿಂಗಡಣೆಯೂ ಸ್ಥೂಲವಾಗಿ ಇದೇ ಜಾಡಿನದು. ತಲೆಯಲ್ಲಿ ದುಂಡುದುಂಡಾಗಿ, ಬಿಲ್ಲೆ ಇಟ್ಟಂತೆ, ಹಠಾತ್ತಾಗಿ ಕೂದಲು ಉದುರುವುದು ಒಂದು ಬಗೆ. ಇದು ದೇಹದ ರಕ್ಷಣಾವ್ಯವಸ್ಥೆಯೇ ಕೇಶಕೂಪಗಳ ಮೇಲೆ ತಿರುಗಿಬಿದ್ದುದರ ಫಲ. ಹಣೆಯ ಎರಡು ಮೂಲೆಗಳಿಂದಲೂ ನೆತ್ತಿಯಿಂದಲೂ ಆರಂಭವಾಗಿ ವರ್ಷಗಳ ಮೇಲೆ ವರ್ಷ ನಿಧಾನವಾಗಿ ಹರಡುವುದು ಇನ್ನೊಂದು ಬಗೆ. ನಾವು ಬೊಕ್ಕತಲೆ ಎನ್ನುವುದು ಇದನ್ನೇ. ಅನುಕೂಲಕ್ಕಾಗಿ ಮೊದಲನೆಯದನ್ನು ಇಂದ್ರಲುಪ್ತವೆಂದೂ ಎರಡನೆಯದನ್ನು ಖಾಲಿತ್ಯವೆಂದೂ ಇಲ್ಲಿ ಕರೆಯಲಾಗುವುದು.

ಈ ಎರಡರ ನಡುವಣ ಒಂದು ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ಇಂದ್ರಲುಪ್ತದ ಬಿಲ್ಲೆಗಳು ಸಣ್ಣವಾಗಿದ್ದರೆ ಅನೇಕರಲ್ಲಿ ಒಂದು ವರ್ಷದೊಳಗಾಗಿ, ಯಾವ ಮದ್ದೂ ಇಲ್ಲದೆ, ಕೂದಲು ತಾನಾಗಿಯೇ ಮರಳುತ್ತದೆ. ಖಾಲಿತ್ಯದಲ್ಲಿ ಹಾಗೆ ಮರಳುವುದಿಲ್ಲ. ಆದುದರಿಂದ ಇಂದ್ರಲುಪ್ತಕ್ಕೆ ಏನನ್ನು ಹಚ್ಚಿದರೂ ಒಂದಷ್ಟು ಜನರು ಗುಣಹೊಂದಿಯೇ ಹೊಂದುತ್ತಾರೆ; ಹಚ್ಚಿದ ವಸ್ತುವಿಗೆ ಕೀರ್ತಿ ಬರುತ್ತದೆ.

ಕೂದಲಿನ ಬೆಳವಣಿಗೆಯೂ ನಾವು ಭಾವಿಸುವಂತೆ ಹುಲ್ಲಿನ ಬೆಳವಣಿಗೆಯಲ್ಲ. ಮನುಷ್ಯನ ತಲೆಯಲ್ಲಿ ಸುಮಾರು ೧,೦೦,೦೦೦ ಕೇಶಕೂಪಗಳಿವೆ. ಪ್ರತಿಯೊಂದೂ ತನ್ನದೇ ಆದ ಕಾಲಚಕ್ರದಲ್ಲಿ ಸುತ್ತುತ್ತದೆ: ೨ರಿಂದ ೬ ವರ್ಷಗಳ ಬೆಳವಣಿಗೆ, ೨-೩ ವಾರಗಳ ಹಿಂಜರಿತ, ಸುಮಾರು ೩ ತಿಂಗಳುಗಳ ವಿಶ್ರಾಂತಿ, ಬಳಿಕ ಹಳೆಯ ಕೂದಲು ಉದುರಿ ಹೊಸದು ಮೊಳೆಯುತ್ತದೆ. ಖಾಲಿತ್ಯದಲ್ಲಿ ಬೆಳವಣಿಗೆಯ ಅವಧಿ ಸುತ್ತಿನಿಂದ ಸುತ್ತಿಗೆ ಕುಗ್ಗುತ್ತ, ಕೇಶಕೂಪವೂ ಕಿರಿದಾಗುತ್ತ ಬಂದು, ದಪ್ಪ ಕೂದಲಿನ ಸ್ಥಾನದಲ್ಲಿ ಕೊನೆಗೆ ಕಣ್ಣಿಗೆ ಕಾಣದಷ್ಟು ನವುರಾದ ರೋಮ ಮಾತ್ರ ಉಳಿಯುತ್ತದೆ. ಹೀಗೆ ಬೊಕ್ಕತಲೆಯೆಂಬುದು ಹಲವು ವರ್ಷಗಳ ಕಾಲ ನಡೆಯುವ ಕ್ರಿಯೆ. ಅದಕ್ಕೆ ಮಾಡುವ ಚಿಕಿತ್ಸೆಯನ್ನು ಅಳೆಯಲೂ ದೀರ್ಘಕಾಲ ಬೇಕೆಂಬುದು ಇದರಿಂದ ಸ್ಪಷ್ಟ.

೩

ಆಧುನಿಕ ಬೆಳಕಿನ ಚಿಕಿತ್ಸೆಯ ಮೂಲಪುರುಷನು ನೀಲ್ಸ್ ರೀಬರ್ಗ್ ಫಿನ್ಸೆನ್. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ೧೮೬೦ರಲ್ಲಿ ಹುಟ್ಟಿ, ಕೋಪನ್‌ಹೇಗನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಇವನು ಯೌವನದಿಂದಲೇ ಗುಣವಾಗದ ಕಾಯಿಲೆಯೊಂದಕ್ಕೆ ತುತ್ತಾಗಿದ್ದನು. ಸೂರ್ಯಪ್ರಕಾಶವು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂಬುದನ್ನು ಇಂಗ್ಲೆಂಡಿನಲ್ಲಿ ಡೌನ್ಸ್ ಮತ್ತು ಬ್ಲಂಟ್ ಎಂಬಿಬ್ಬರು ೧೮೭೭ರಲ್ಲಿ ತೋರಿಸಿದ್ದರು. ಈ ಗುಣವು ಬೆಳಕಿನಲ್ಲಿರುವ ನೀಲಿ, ನೇರಳೆ ಮತ್ತು ನೇರಳಾತೀತ ಕಿರಣಗಳದೆಂದು ಭಾವಿಸಿ, ಆ ಕಿರಣಗಳನ್ನು ಒಟ್ಟುಗೂಡಿಸಿ ಚರ್ಮದ ಮೇಲೆ ಬೀಳಿಸಿದರೆ ಚರ್ಮದ ಕ್ಷಯರೋಗವನ್ನು ಗುಣಪಡಿಸಬಹುದೆಂದು ಫಿನ್ಸೆನ್ ತರ್ಕಿಸಿದನು. ಮುಖವನ್ನೇ ತಿಂದುಹಾಕುತ್ತಿದ್ದ ಆ ರೋಗಕ್ಕೆ ಅಂದು ತಕ್ಕ ಚಿಕಿತ್ಸೆಯಿರಲಿಲ್ಲ. ೧೮೯೫ರಲ್ಲಿ ಕೋಪನ್‌ಹೇಗನ್ನಿನ ವಿದ್ಯುದ್ದೀಪ ಕೇಂದ್ರದಲ್ಲಿ ಪ್ರಯೋಗ ಆರಂಭವಾಯಿತು. ಮರುವರ್ಷ ಅವನ ಹೆಸರಿನ ಸಂಸ್ಥೆ ಸ್ಥಾಪಿತವಾಯಿತು. ೧೯೦೦ರಲ್ಲಿ, ಮುಂದೆ ರಾಣಿಯಾದ ಅಲೆಕ್ಸಾಂಡ್ರಾಳ ಪ್ರೋತ್ಸಾಹದಿಂದ ಅವನ ದೀಪವು ಲಂಡನ್ನಿನ ಆಸ್ಪತ್ರೆಗೂ ಬಂದಿತು. ೧೯೦೩ರಲ್ಲಿ ಅವನಿಗೆ ವೈದ್ಯಕೀಯದ ನೊಬೆಲ್ ಪಾರಿತೋಷಿಕ ದೊರೆಯಿತು. ಮರುವರ್ಷವೇ ಅವನು ತೀರಿಕೊಂಡನು.

ಫಿನ್ಸೆನ್ನನ ಚಿಕಿತ್ಸೆಯಿಂದ ರೋಗಿಗಳು ಗುಣಹೊಂದಿದುದು ನಿಜ. ಆದರೆ ಅವನು ಕೊಟ್ಟ ಕಾರಣ? ಡೆನ್ಮಾರ್ಕಿನ ಸಂಶೋಧಕರು ಅವನ ಹಳೆಯ ದೀಪಗಳನ್ನೂ ಮಸೂರಗಳನ್ನೂ ಮತ್ತೆ ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ಉಪಕರಣದ ಮೂಲಕ ೩೪೦ ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ಕಿರಣಗಳು ಹಾದುಹೋಗುತ್ತಲೇ ಇರಲಿಲ್ಲ. ಸೂಕ್ಷ್ಮಜೀವಿಗಳನ್ನು ನೇರವಾಗಿ ಕೊಲ್ಲುವಂತಹ ಕಿರಣಗಳು ರೋಗಿಯನ್ನು ಮುಟ್ಟಲೇ ಇಲ್ಲವೆಂದ ಹಾಗಾಯಿತು. ಕ್ಷಯದ ಸೂಕ್ಷ್ಮಜೀವಿಯಲ್ಲಿಯೇ ಇರುವ ಪಾರ್ಫಿರಿನ್ ಎಂಬ ವಸ್ತುವು ಬೆಳಕನ್ನು ಹೀರಿಕೊಂಡು ಆ ಜೀವಿಯನ್ನು ನಾಶಮಾಡಿರಬೇಕೆಂದು ಅವರು ಊಹಿಸಿದರು. ಎಂದರೆ ಫಲ ಸತ್ಯವಾಗಿತ್ತು, ಕಾರಣ ಸತ್ಯವಾಗಿರಲಿಲ್ಲ. ಬೆಳಕಿನ ಚಿಕಿತ್ಸೆಯ ಇತಿಹಾಸವು ಮೊದಲ ಹೆಜ್ಜೆಯಲ್ಲಿಯೇ ನಮಗೆ ಕಲಿಸುವ ಪಾಠವಿದು: ಒಂದು ಚಿಕಿತ್ಸೆ ಫಲಿಸಿತೆಂಬುದರಿಂದ ಅದರ ಹಿಂದಿನ ಸಿದ್ಧಾಂತ ಸಿದ್ಧವಾಗುವುದಿಲ್ಲ. ಸಿದ್ಧಾಂತ ಸೊಗಸಾಗಿದೆಯೆಂಬುದರಿಂದ ಚಿಕಿತ್ಸೆ ಫಲಿಸೀತೆಂಬುದೂ ಇಲ್ಲ. ಇದರ ನಿದರ್ಶನ ಮುಂದೆ ಬರುತ್ತದೆ.

೪

ನೊಬೆಲ್ ಪಾರಿತೋಷಿಕದ ಪ್ರಭೆಯಲ್ಲಿ ಬೆಳಕು ಸರ್ವರೋಗ ನಿವಾರಕವೆಂಬ ಉತ್ಸಾಹ ಯುರೋಪಿನಲ್ಲಿ ಹಬ್ಬಿತು. ಫಿನ್ಸೆನ್ನನ ಇಂಗಾಲದ ದೀಪ ದೊಡ್ಡದು, ದುಬಾರಿಯಾದುದು. ಈ ತೊಂದರೆಯನ್ನು ಜರ್ಮನಿಯ ಹನಾವು ಪಟ್ಟಣದಲ್ಲಿ ರಿಚರ್ಡ್ ಕ್ಯೂಖ್ ನಿರ್ಮಿಸಿದ ಪಾದರಸದ ದೀಪವು ನೀಗಿತು. ಸಾಮಾನ್ಯ ಗಾಜು ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಕರಗಿಸಿದ ಸ್ಫಟಿಕಶಿಲೆಯಿಂದ ಮಾಡಿದ ಕೊಳವೆ ಅವನ್ನು ಹೊರಗೆ ಬಿಡುತ್ತದೆ. ಬರ್ಲಿನ್ನಿನ ಚರ್ಮವೈದ್ಯ ಅರ್ನ್‌ಸ್ಟ್ ಕ್ರೊಮಾಯರ್ ಅಂತಹ ದೀಪದ ಸುತ್ತ ತಣ್ಣೀರು ಹರಿಯುವಂತೆ ಮಾಡಿ, ಚರ್ಮಕ್ಕೆ ಒತ್ತಿ ಹಿಡಿಯಬಹುದಾದ ಸಣ್ಣ ಉಪಕರಣವನ್ನು ಸಿದ್ಧಪಡಿಸಿದನು. ಅವನ ಹೆಸರಿನಿಂದಲೇ ಪ್ರಸಿದ್ಧವಾದ ಆ ದೀಪವನ್ನು ಕೂದಲುದುರುವ ರೋಗಗಳಿಗೂ ಬಳಸಲಾಯಿತು. ೧೯೧೩ರಲ್ಲಿ ಬರ್ಲಿನ್ನಿನ ಇನ್ನೊಬ್ಬ ವೈದ್ಯ ಫ್ರಾನ್ಸ್ ನಾಗೆಲ್‌ಷ್ಮಿಟ್ ಕೂದಲುದುರುವಿಕೆಗೆ ಬೆಳಕಿನ ಚಿಕಿತ್ಸೆಯೆಂಬ ವಿಷಯವನ್ನೇ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಮೊದಲನೆಯ ಜನ್ಮ ಇದು.

ಅಂದಿನ ತರ್ಕ ಸರಳವಾಗಿತ್ತು. ನೇರಳಾತೀತ ಕಿರಣ ಬಿದ್ದ ಚರ್ಮ ಕೆಂಪೇರುತ್ತದೆ. ಕೆಂಪೇರುವುದೆಂದರೆ ಅಲ್ಲಿಗೆ ರಕ್ತ ಹೆಚ್ಚಾಗಿ ಹರಿಯುವುದು. ರಕ್ತ ಹೆಚ್ಚಾಗಿ ಹರಿದರೆ ಕೂದಲಿನ ಬುಡಕ್ಕೆ ಪೋಷಣೆ ಹೆಚ್ಚುವುದು. ಪೋಷಣೆ ಹೆಚ್ಚಿದರೆ ಕೂದಲು ಬೆಳೆಯಲೇಬೇಕು. ಈ ನಾಲ್ಕು ಹೆಜ್ಜೆಗಳಲ್ಲಿ ಮೊದಲ ಎರಡು ಮಾತ್ರ ಪ್ರತ್ಯಕ್ಷವಾಗಿ ಕಂಡವು. ಉಳಿದ ಎರಡು ಅನುಮಾನಗಳು. ಗುಣಹೊಂದಿದವರೆಂದು ತೋರಿಸಲು ಇಂದ್ರಲುಪ್ತದ ರೋಗಿಗಳಿದ್ದರು. ಅವರಲ್ಲಿ ಹಲವರಿಗೆ ದೀಪವಿಲ್ಲದಿದ್ದರೂ ಕೂದಲು ಬರುತ್ತಿತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮ ಇನ್ನೂ ಬಂದಿರಲಿಲ್ಲ. ಚಿಕಿತ್ಸೆ ಪಡೆದವರ ಪಕ್ಕದಲ್ಲಿ, ಅವರಂತೆಯೇ ಇದ್ದು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನು, ಯಾರನ್ನು ಯಾವ ಗುಂಪಿಗೆ ಸೇರಿಸಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಹೋಲಿಸಿ ನೋಡುವ ವಿಧಾನವು ವೈದ್ಯಕೀಯದಲ್ಲಿ ನೆಲೆಗೊಂಡುದು ೧೯೪೮ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ತರುವಾಯ. ಆದುದರಿಂದ ಕ್ರೊಮಾಯರನನ್ನಾಗಲಿ ನಾಗೆಲ್‌ಷ್ಮಿಟ್ಟನನ್ನಾಗಲಿ ದೂಷಿಸುವುದು ನ್ಯಾಯವಲ್ಲ. ಅವರ ಕಾಲದ ಸಾಧನ ಅಷ್ಟೇ ಆಗಿತ್ತು.

ವೈದ್ಯರ ಕೈಯಿಂದ ಈ ನಂಬಿಕೆ ಬೇಗನೆ ವರ್ತಕರ ಕೈ ಸೇರಿತು. ವಿದ್ಯುತ್ತಿನಿಂದ ನೇರಳೆ ಬಣ್ಣವಾಗಿ ಮಿನುಗುವ ಗಾಜಿನ ಕೊಳವೆಗಳು ಅಮೆರಿಕದಲ್ಲಿ ಮನೆಬಳಕೆಯ ವಸ್ತುಗಳಾಗಿ ಮಾರಾಟವಾದುವು. ನೆತ್ತಿಯ ಮೇಲೆ ಆಡಿಸಲೆಂದು ಬಾಚಣಿಗೆಯ ಆಕಾರದ ಕೊಳವೆಯೂ ಅವುಗಳೊಡನೆ ಬರುತ್ತಿತ್ತು. ಆದರೆ ಬೊಕ್ಕತಲೆಗಳು ಬೊಕ್ಕತಲೆಗಳಾಗಿಯೇ ಉಳಿದುವು. ನೇರಳಾತೀತ ಕಿರಣಗಳಿಂದ ಸುಂಡಿಲಿಗಳಿಗೆ ಚರ್ಮದ ಅರ್ಬುದರೋಗ ಬರುತ್ತದೆಂಬುದನ್ನು ಫಿಂಡ್ಲೆ ೧೯೨೮ರಲ್ಲಿ ತೋರಿಸಿದನು. ಫಲ ಅನಿಶ್ಚಿತ, ಅಪಾಯ ನಿಶ್ಚಿತ ಎಂದಾದ ಮೇಲೆ ಬೊಕ್ಕತಲೆಯ ಮಟ್ಟಿಗೆ ಸ್ಫಟಿಕದೀಪದ ಕಥೆ ಮುಗಿಯಿತೆನ್ನಬಹುದು.

೫

ಮೊದಲನೆಯ ಜನ್ಮಕ್ಕೂ ಎರಡನೆಯದಕ್ಕೂ ನಡುವೆ ಬೊಕ್ಕತಲೆಯ ನಿಜವಾದ ಕಾರಣ ಬೆಳಕಿಗೆ ಬಂದಿತು. ವೃಷಣಗಳನ್ನು ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಗ್ರೀಸಿನ ಹಿಪೊಕ್ರಟೀಸನ ಹೆಸರಿನ ಗ್ರಂಥಗಳೂ ಅರಿಸ್ಟಾಟಲನೂ ಹೇಳಿದ್ದರು. ಎರಡು ಸಾವಿರ ವರ್ಷಗಳ ಬಳಿಕ, ೧೯೪೨ರಲ್ಲಿ, ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ ಆ ಹಳೆಯ ಮಾತಿಗೆ ಪ್ರಯೋಗದ ಆಧಾರವನ್ನು ಒದಗಿಸಿದನು. ವೃಷಣಗಳಿಲ್ಲದ ಅಥವಾ ಅವು ಬೆಳೆಯದ ಗಂಡಸರಿಗೆ ಪುರುಷ ಹಾರ್ಮೋನಾದ ಟೆಸ್ಟೊಸ್ಟೆರೋನನ್ನು ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆಯಿದ್ದವರಲ್ಲಿ ಕೂದಲುದುರತೊಡಗಿತು. ವಂಶದಲ್ಲಿ ಅದಿಲ್ಲದವರಲ್ಲಿ ಉದುರಲಿಲ್ಲ. ಕೊಡುವುದನ್ನು ನಿಲ್ಲಿಸಿದಾಗ ಉದುರುವಿಕೆ ಮುಂದುವರಿಯಲಿಲ್ಲ, ಆದರೆ ಹೋದ ಕೂದಲು ಮರಳಲೂ ಇಲ್ಲ. ವಂಶ, ಹಾರ್ಮೋನು, ವಯಸ್ಸು ಈ ಮೂರೂ ಕೂಡಿದರೆ ಖಾಲಿತ್ಯ ಎಂಬುದು ಹೀಗೆ ನಿರ್ಧಾರವಾಯಿತು. ಬೋಳಾಗುವ ಬಗೆಗಳನ್ನು ಅವನು ೧೯೫೧ರಲ್ಲಿ ವಿಂಗಡಿಸಿದನು. ೧೯೭೫ರಲ್ಲಿ ನಾರ್‌ವುಡ್ ಅದನ್ನು ಪರಿಷ್ಕರಿಸಿದನು. ಇಬ್ಬರ ಹೆಸರುಗಳೂ ಸೇರಿದ ಆ ಅಳತೆಗೋಲೇ ಇಂದು ಬಳಕೆಯಲ್ಲಿರುವುದು.

ಈ ಸಂಶೋಧನೆಯಿಂದ ರಕ್ತ ಸಾಲದೆ ಕೂದಲುದುರುತ್ತದೆಂಬ ಹಳೆಯ ವಾದ ಕುಸಿಯಿತು. ಬೊಕ್ಕತಲೆಯವನ ನೆತ್ತಿ ಬರಡು ಭೂಮಿಯಲ್ಲ. ಅಲ್ಲಿಯ ಕೇಶಕೂಪಗಳು ಹಾರ್ಮೋನಿನ ಆಜ್ಞೆಗೆ ತಲೆಬಾಗಿ ಕಿರಿದಾಗುತ್ತಿರುವುವು. ಬೆಳಕಿಗೆ ಹಾರ್ಮೋನನ್ನು ತಡೆಯುವ ಶಕ್ತಿಯಿದೆಯೆಂದು ಯಾರೂ ಹೇಳಿರಲಿಲ್ಲ. ಆದುದರಿಂದ ೧೯೫೦ರ ದಶಕದಲ್ಲಿ ನಿಂತು ನೋಡಿದವನಿಗೆ ಬೆಳಕಿನ ಚಿಕಿತ್ಸೆ ಶಾಶ್ವತವಾಗಿ ಮುಗಿದ ಅಧ್ಯಾಯವೆಂದೇ ತೋರಬೇಕಾಗಿತ್ತು. ಹಾಗಾಗಲಿಲ್ಲ.

೬

೧೯೬೦ರ ಮೇ ೧೬ರಂದು ಅಮೆರಿಕದಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. ಮಾಣಿಕ್ಯದ ಹರಳಿನಿಂದ ಹೊರಟ ಆ ಕೆಂಪು ಬೆಳಕಿನ ತರಂಗದೂರ ೬೯೪ ನ್ಯಾನೊಮೀಟರುಗಳು. ಕೆಲವೇ ವರ್ಷಗಳಲ್ಲಿ ಬಾಸ್ಟನ್ ನಗರದ ಪಾಲ್ ಮೆಗಫ್ ಪ್ರಾಣಿಗಳ ಗಂತಿಗಳನ್ನು ಅದರಿಂದ ನಾಶಪಡಿಸಲು ಯತ್ನಿಸಿದನು. ಹಂಗೆರಿಯ ರಾಜಧಾನಿ ಬುಡಾಪೆಸ್ಟಿನಲ್ಲಿ ಶಸ್ತ್ರವೈದ್ಯನಾಗಿದ್ದ ಎಂಡ್ರೆ ಮೆಸ್ಟರ್ ಅದೇ ದಾರಿಯಲ್ಲಿ ಹೊರಟನೆಂದು ಪರಂಪರೆಯಾಗಿ ಹೇಳಿಕೊಂಡು ಬಂದಿದೆ. ಪ್ರಾಣಿಗಳ ರೋಮವನ್ನು ಬೋಳಿಸಿ ಬೆಳಕನ್ನು ಬಿಟ್ಟಾಗ, ಅವನ ಲೇಸರಿನ ಶಕ್ತಿ ಸಾಲದೆ ಗಂತಿಗಳಿಗೆ ಏನೂ ಆಗಲಿಲ್ಲ. ಬದಲಾಗಿ, ಬೋಳಿಸಿದ ಜಾಗದಲ್ಲಿ ರೋಮವು ಬೇಗ ಬೇಗನೆ ಬೆಳೆಯಿತು. ಸೋಲಿನಿಂದ ಹುಟ್ಟಿದ ಶೋಧವೆಂದು ಈ ಕಥೆ ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾಗಿದೆ.

ಇತಿಹಾಸದ ವಿದ್ಯಾರ್ಥಿ ಇಂತಹ ಕಥೆಗಳನ್ನು ಎಚ್ಚರದಿಂದ ಓದಬೇಕು. ಹೇಳುವವರ ಬಾಯಲ್ಲಿ ಪ್ರಾಣಿ ಒಮ್ಮೆ ಇಲಿಯಾಗುತ್ತದೆ, ಒಮ್ಮೆ ಸುಂಡಿಲಿಯಾಗುತ್ತದೆ. ಮೆಸ್ಟರ್ ಮತ್ತು ಸಂಗಡಿಗರು ೧೯೬೭ರಲ್ಲಿ ಹಂಗೆರಿಯ ಭಾಷೆಯಲ್ಲೂ ೧೯೬೮ರಲ್ಲಿ ಜರ್ಮನ್ ಭಾಷೆಯಲ್ಲೂ ಪ್ರಕಟಿಸಿದ ಪ್ರಬಂಧಗಳ ವಿಷಯ ಸುಂಡಿಲಿಯ ರೋಮದ ಬೆಳವಣಿಗೆಯ ಮೇಲೆ ಲೇಸರಿನ ಪರಿಣಾಮ. ಶೀರ್ಷಿಕೆಯಲ್ಲಿ ಗಂತಿಯ ಸುದ್ದಿಯಿಲ್ಲ. ಆಕಸ್ಮಿಕವು ಕಥೆಗೆ ಸೊಗಸು. ದಾಖಲೆಯಲ್ಲಿ ಎದ್ದು ಕಾಣುವುದು ಉದ್ದೇಶಪೂರ್ವಕವಾದ ಅಳತೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದು ವಿಷಯ. ಸುಂಡಿಲಿಯ ಚರ್ಮದಲ್ಲಿ ರೋಮವು ಅಲೆಯಲೆಯಾಗಿ, ಅಕ್ಕಪಕ್ಕದ ಕೂಪಗಳು ಒಟ್ಟಿಗೆ ಎಚ್ಚೆತ್ತು, ಒಟ್ಟಿಗೆ ಮಲಗಿ, ಬೆಳೆಯುತ್ತದೆ. ಮನುಷ್ಯನ ತಲೆಯಲ್ಲಿ ಪ್ರತಿ ಕೂಪದ ಚಕ್ರವೂ ಬೇರೆ. ಅಲ್ಲದೆ ಆ ಸುಂಡಿಲಿಗಳು ರೋಗದಿಂದ ಬೋಳಾದವುಗಳಲ್ಲ, ಕತ್ತರಿಯಿಂದ ಬೋಳಾದವು. ಆರೋಗ್ಯವಾದ ಕೂಪವು ಸ್ವಲ್ಪ ಬೇಗ ಎಚ್ಚರಗೊಂಡಿತೆಂಬುದರಿಂದ, ವರ್ಷಗಳಿಂದ ಕುಗ್ಗಿದ ಕೂಪವು ಮರಳಿ ಹಿಗ್ಗುವುದೆಂದು ಸಿದ್ಧವಾಗದು. ಮೆಸ್ಟರನ ಗಮನವೂ ಮುಂದೆ ವಾಸಿಯಾಗದ ಗಾಯಗಳ ಕಡೆಗೆ ಹರಿಯಿತು. ಬೊಕ್ಕತಲೆಯ ವಿಚಾರ ಹಲವು ವರ್ಷ ಹಿನ್ನೆಲೆಯಲ್ಲಿಯೇ ಉಳಿಯಿತು.

ಕಾರಣದ ಅನ್ವೇಷಣೆ ಮಾತ್ರ ನಿಲ್ಲಲಿಲ್ಲ. ಜೀವಕೋಶದಲ್ಲಿ ಶಕ್ತಿಯನ್ನು ತಯಾರಿಸುವ ಮೈಟೊಕಾಂಡ್ರಿಯಗಳೊಳಗಿನ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವು ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರಿಕೊಂಡು ಕೋಶವನ್ನು ಚುರುಕುಗೊಳಿಸುತ್ತದೆಂಬ ಅಭಿಪ್ರಾಯವನ್ನು ರಷ್ಯದ ವಿಜ್ಞಾನಿ ಟೀನಾ ಕಾರು ೧೯೮೦ರ ದಶಕದಿಂದ ಪ್ರತಿಪಾದಿಸಿದರು. ಇದು ರಕ್ತಪ್ರವಾಹದ ಹಳೆಯ ವಾದಕ್ಕಿಂತ ಸೂಕ್ಷ್ಮವಾದುದು, ಹೆಚ್ಚು ಆಧಾರವುಳ್ಳದ್ದು. ಆದರೂ ಕಿಣ್ವದಿಂದ ಕೇಶಕೂಪದವರೆಗಿನ ದಾರಿಯಲ್ಲಿ ಇನ್ನೂ ಊಹೆಯ ಮೆಟ್ಟಿಲುಗಳಿವೆ. ಹಾರ್ಮೋನಿನ ಆಜ್ಞೆಯನ್ನು ಬೆಳಕು ಹೇಗೆ ಎದುರಿಸುತ್ತದೆಂಬುದಕ್ಕೆ ಇದರಲ್ಲಿ ನೇರವಾದ ಉತ್ತರವಿಲ್ಲ.

೭

ಈ ನಡುವೆ ಬೊಕ್ಕತಲೆಗೆ ಎರಡು ಔಷಧಿಗಳು ಬಂದುವು. ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ ಮಿನಾಕ್ಸಿಡಿಲ್, ಮೈಮೇಲೆ ರೋಮ ಬೆಳೆಸುವುದೆಂದು ಕಂಡುಬಂದು, ೧೯೮೮ರಲ್ಲಿ ಹಚ್ಚುವ ಔಷಧಿಯಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಪಡೆಯಿತು. ಹಾರ್ಮೋನಿನ ಪರಿವರ್ತನೆಯನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆ ೧೯೯೭ರಲ್ಲಿ ಒಪ್ಪಿಗೆ ಪಡೆಯಿತು. ಇತ್ತ ಲೇಸರನ್ನು ಬೇಡದ ರೋಮವನ್ನು ತೆಗೆಯಲು ೧೯೯೦ರ ದಶಕದ ಮಧ್ಯದಿಂದ ಬಳಸತೊಡಗಿದರು. ಆಗ ವಿಚಿತ್ರವೊಂದು ಕಂಡಿತು: ರೋಮವನ್ನು ನಾಶಮಾಡಲೆಂದು ತೀಕ್ಷ್ಣವಾದ ಬೆಳಕನ್ನು ಬಿಟ್ಟ ಕೆಲವರಲ್ಲಿ, ಆ ಜಾಗದ ಆಸುಪಾಸಿನಲ್ಲಿ ರೋಮ ಹೆಚ್ಚಾಗಿ ಬೆಳೆದುದು ೨೦೦೨ರಿಂದ ವರದಿಯಾಗತೊಡಗಿತು. ಬೆಳಕು ಅಧಿಕವಾದರೆ ಕೊಲ್ಲುತ್ತದೆ, ಅಲ್ಪವಾದರೆ ಎಬ್ಬಿಸುತ್ತದೆ ಎಂಬ ಮೆಸ್ಟರನ ಕಾಲದ ಭಾವನೆಗೆ ಇದರಿಂದ ಮನುಷ್ಯರಲ್ಲಿಯೇ ಪುಷ್ಟಿ ದೊರೆಯಿತು.

೨೦೦೭ರ ಜನವರಿಯಲ್ಲಿ, ೬೫೫ ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕನ್ನು ಹೊರಸೂಸುವ ಹೇರ್‌ಮ್ಯಾಕ್ಸ್ ಎಂಬ ಲೇಸರ್ ಬಾಚಣಿಗೆಯನ್ನು ಗಂಡಸರ ಬೊಕ್ಕತಲೆಗೆಂದು ಮಾರಲು ಅದೇ ಆಡಳಿತವು ಅನುಮತಿ ನೀಡಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊಸ ಔಷಧಿಗೆ ಒಪ್ಪಿಗೆ ಪಡೆಯುವುದು ಒಂದು ವಿಧಿ. ಇಂತಹ ಉಪಕರಣಕ್ಕೆ ಮಾರಾಟದ ಅನುಮತಿ ಪಡೆಯುವುದು ಇನ್ನೊಂದು ವಿಧಿ. ೧೯೭೬ರ ಕಾನೂನಿನ ಪ್ರಕಾರ, ಈಗಾಗಲೇ ಮಾರುಕಟ್ಟೆಯಲ್ಲಿರುವ ಅಥವಾ ಹಿಂದೆ ಇದ್ದ ಉಪಕರಣಕ್ಕೆ ಹೊಸದು ಬಹುಮಟ್ಟಿಗೆ ಸಮಾನವೆಂದು ತೋರಿಸಿದರೆ ಸಾಕು. ಮನುಷ್ಯರ ಮೇಲಿನ ಪರೀಕ್ಷೆಯ ಜೊತೆಗೆ, ಈ ಬಾಚಣಿಗೆಯ ಅರ್ಜಿಯಲ್ಲಿ ಪೂರ್ವಜರೆಂದು ಹೆಸರಿಸಿದ ಉಪಕರಣಗಳಲ್ಲಿ ಇವಾನ್ಸ್ ನಿರ್ವಾತ ಟೋಪಿಯೂ ಒಂದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪತ್ರಿಕೆಗಳ ಜಾಹೀರಾತಿನ ಮೂಲಕ ಮಾರಾಟವಾಗುತ್ತಿದ್ದ ಆ ಟೋಪಿ, ತಲೆಯ ಮೇಲಿನ ಗಾಳಿಯನ್ನು ಹೀರಿ ನೆತ್ತಿಗೆ ರಕ್ತವನ್ನು ಸೆಳೆಯುವುದೆಂದು ಹೇಳಿಕೊಂಡಿತ್ತು. ಹ್ಯಾಮಿಲ್ಟನ್ ಕೆಡವಿದ ರಕ್ತಪ್ರವಾಹದ ವಾದವು ಅರವತ್ತೈದು ವರ್ಷಗಳ ಮೇಲೆ ಕಾನೂನಿನ ಹಿತ್ತಿಲ ಬಾಗಿಲಿನಿಂದ ಒಳಬಂದಿತು. ಅನುಮತಿಯ ಮುದ್ರೆಯೊಂದನ್ನೇ ಪ್ರಮಾಣವೆಂದು ಭಾವಿಸುವವರು ಈ ವಂಶಾವಳಿಯನ್ನು ಮರೆಯಬಾರದು.

೮

ಹಾಗಾದರೆ ಈ ಚಿಕಿತ್ಸೆಯ ಎರಡನೆಯ ಜನ್ಮವೂ ಬರಿಯ ಭ್ರಮೆಯೆ? ಅಲ್ಲ, ಮತ್ತು ಅಲ್ಲವೆನ್ನಲು ಆಧಾರವು ಅನುಮತಿಯಲ್ಲಿಲ್ಲ, ಸಿದ್ಧಾಂತದಲ್ಲೂ ಇಲ್ಲ, ಹುಸಿ ಉಪಕರಣದೊಡನೆ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿದೆ. ನೋಡಲು ಒಂದೇ ತೆರನಾದ ಎರಡು ಬಾಚಣಿಗೆಗಳು. ಒಂದರಲ್ಲಿ ಲೇಸರ್, ಇನ್ನೊಂದರಲ್ಲಿ ಬರಿಯ ಸೋಗು. ಯಾರಿಗೆ ಯಾವುದು ಬಂದಿದೆಯೆಂಬುದು ಬಳಸುವವರಿಗೆ ತಿಳಿಯದು. ಲೆವಿಟ್ ಮತ್ತು ಸಂಗಡಿಗರು ೧೧೦ ಮಂದಿ ಗಂಡಸರ ಮೇಲೆ ೨೬ ವಾರಗಳ ಕಾಲ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನಿಜವಾದ ಬಾಚಣಿಗೆಯನ್ನು ಬಳಸಿದವರಿಗೆ ಒಂದು ಚದರ ಸೆಂಟಿಮೀಟರಿಗೆ ಸರಾಸರಿ ಸುಮಾರು ೨೦ ದಪ್ಪ ಕೂದಲುಗಳು ಹೆಚ್ಚಿದುವು. ಹುಸಿ ಬಾಚಣಿಗೆಯವರಿಗೆ ೭-೮ ಕಡಿಮೆಯಾದುವು. ಲಾನ್ಸಫೇಮ್ ಮತ್ತು ಸಂಗಡಿಗರು ೨೦೧೩ರಲ್ಲಿ ಟೋಪಿಯಾಕಾರದ ಉಪಕರಣವನ್ನು ೧೬ ವಾರಗಳ ಕಾಲ ಪರೀಕ್ಷಿಸಿ, ಪರೀಕ್ಷೆಯನ್ನು ಮುಗಿಸಿದ ೪೧ ಗಂಡಸರಲ್ಲಿ ಎರಡು ಗುಂಪುಗಳ ನಡುವೆ ಶೇಕಡ ೩೫ರಷ್ಟು ಅಂತರವನ್ನು ಕಂಡರು. ೨೦೧೪ರಲ್ಲಿ ಪ್ರಕಟವಾದ ಹಿಮೆನೆಸ್ ಮತ್ತು ಸಂಗಡಿಗರ ಪರೀಕ್ಷೆಯಲ್ಲಿ ೧೨೮ ಗಂಡಸರೂ ೧೪೧ ಹೆಂಗಸರೂ ಇದ್ದರು. ಫಲವು ಅದೇ ದಿಕ್ಕಿನಲ್ಲಿತ್ತು. ಕ್ರೊಮಾಯರನ ಕಾಲಕ್ಕೆ ಇಲ್ಲದಿದ್ದುದು ಇದು.

ಈ ಸಂಖ್ಯೆಗಳನ್ನು ತೂಗಿ ನೋಡುವುದೂ ಅವಶ್ಯಕ. ಆರೋಗ್ಯವಾದ ತಲೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು ೨೦೦ ಕೂದಲುಗಳಿರುತ್ತವೆ. ೨೦ ಎಂಬುದು ಅದರ ಹತ್ತನೆಯ ಒಂದು ಭಾಗ. ಎಣಿಸುವವನ ಕಣ್ಣಿಗೆ ಕಂಡ ವ್ಯತ್ಯಾಸ ಕನ್ನಡಿಯ ಮುಂದೆ ನಿಂತವನ ಕಣ್ಣಿಗೆ ಕಾಣುವುದೆಂಬ ಭರವಸೆಯಿಲ್ಲ. ಶೇಕಡಾವಾರು ಲೆಕ್ಕವಂತೂ ಮೊದಲು ಎಷ್ಟಿತ್ತೆಂಬುದನ್ನು ಅವಲಂಬಿಸಿದೆ. ಕಡಿಮೆ ಕೂದಲಿದ್ದಲ್ಲಿ ಸಣ್ಣ ಹೆಚ್ಚಳವೂ ದೊಡ್ಡ ಶೇಕಡಾಂಶವಾಗಿ ತೋರುತ್ತದೆ. ಕೂದಲಿನ ಒಂದು ಬೆಳವಣಿಗೆಯ ಅವಧಿಯೇ ೨ರಿಂದ ೬ ವರ್ಷವಾಗಿರುವಾಗ ಪರೀಕ್ಷೆಗಳು ನಾಲ್ಕರಿಂದ ಆರು ತಿಂಗಳಲ್ಲಿ ಮುಗಿದಿವೆ. ಬಹುಮಟ್ಟಿಗೆ ಇವುಗಳ ವೆಚ್ಚವನ್ನು ಉಪಕರಣಗಳ ತಯಾರಕರೇ ಭರಿಸಿದ್ದಾರೆ. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲವಾದರೂ, ಸ್ವತಂತ್ರರಾದ ಇತರರು ದೀರ್ಘಕಾಲ ಪರೀಕ್ಷಿಸಬೇಕಾದ ಅಗತ್ಯ ಉಳಿಯುತ್ತದೆ. ಪೂರ್ಣವಾಗಿ ಬೋಳಾದ ಜಾಗದಲ್ಲಿ ಬೆಳಕು ಕೂದಲನ್ನು ಹುಟ್ಟಿಸುತ್ತದೆಂದು ಈ ಪರೀಕ್ಷೆಗಳಾವುವೂ ಹೇಳುವುದಿಲ್ಲ. ಅಳಿದುಳಿದ ಕೂಪಗಳಿಗೆ ಒಂದಿಷ್ಟು ಆಸರೆ ಎಂಬುದಷ್ಟೇ ಸಿದ್ಧವಾದ ಮಾತು.

ನಮ್ಮವರಿಗೆ ಸಂಬಂಧಿಸಿದ ಇನ್ನೊಂದು ವಿಚಾರವೂ ಇದೆ. ೨೦೦೭ರ ಅನುಮತಿಯು ಫಿಟ್ಸ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯನ ವರ್ಣಮಾಪಕದ ಆರು ದರ್ಜೆಗಳಲ್ಲಿ ಮೊದಲ ನಾಲ್ಕಕ್ಕೆ, ಎಂದರೆ ಬಿಳಿಯ ಚರ್ಮದಿಂದ ತಿಳಿಗಂದು ಚರ್ಮದವರೆಗೆ ಮಾತ್ರ ಅನ್ವಯಿಸುತ್ತಿತ್ತು. ಕನ್ನಡನಾಡಿನ ಜನರಲ್ಲಿ ಅನೇಕರ ಮೈಬಣ್ಣ ಇದಕ್ಕಿಂತ ಗಾಢವಾದುದು. ಚರ್ಮದ ಕಪ್ಪುವರ್ಣಕವು ಬೆಳಕನ್ನು ಹೀರಿಕೊಳ್ಳುವುದರಿಂದ ಕೂದಲಿನ ಬುಡವನ್ನು ಮು‍ಟ್ಟುವ ಬೆಳಕಿನ ಪ್ರಮಾಣವೂ ಬೇರೆಯಾಗುತ್ತದೆ. ಬೆಂಗಳೂರಿನಂತಹ ನಗರಗಳ ಚಿಕಿತ್ಸಾಲಯಗಳಲ್ಲಿ ಇಂದು ಕೆಂಪು ಬೆಳಕಿನ ಟೋಪಿಯನ್ನು ತೊಟ್ಟು ಕುಳಿತ ಯುವಕನು, ಬೇರೆ ಬಣ್ಣದ ತಲೆಗಳ ಮೇಲೆ ನಡೆದ ಲೆಕ್ಕವನ್ನು ತನ್ನದೆಂದು ನಂಬಿರುವ ಸಂಭವವುಂಟು.

೯

ಮೇಲಿನ ವಿವೇಚನೆಯಿಂದ ಆರಂಭದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಮೊದಲನೆಯ ಜನ್ಮದಲ್ಲಿ ಸಿದ್ಧಾಂತವಿತ್ತು, ಉತ್ಸಾಹವಿತ್ತು, ನೊಬೆಲ್ ಪಾರಿತೋಷಿಕದ ನೆರಳಿತ್ತು, ಹೋಲಿಕೆ ಇರಲಿಲ್ಲ. ಎರಡನೆಯ ಜನ್ಮದಲ್ಲಿ ಸಿದ್ಧಾಂತ ಇನ್ನೂ ಅಪೂರ್ಣ, ಕಾನೂನಿನ ವಂಶಾವಳಿ ವಿಚಿತ್ರ, ಫಲ ಸಾಧಾರಣ. ಆದರೆ ಹೋಲಿಕೆ ಇದೆ. ಇವೆರಡನ್ನು ಪ್ರತ್ಯೇಕಿಸಿದುದು ಬೆಳಕಿನ ಬಣ್ಣವಲ್ಲ, ಹುಸಿ ಬಾಚಣಿಗೆ. ಬೆಳಕಿಲ್ಲದ ಆ ಉಪಕರಣವೇ ಈ ಕಥೆಯಲ್ಲಿ ಹೆಚ್ಚು ಬೆಳಕು ಚೆಲ್ಲಿತೆಂದರೆ ಅತಿಶಯೋಕ್ತಿಯಾಗಲಾರದು.

ಬೊಕ್ಕತಲೆ ಅಲ್ಪ ವಿಷಯವೆಂದು ನಕ್ಕುಬಿಡುವುದು ಸುಲಭ. ಆದರೆ ಇಪ್ಪತ್ತೈದರ ಪ್ರಾಯದಲ್ಲಿ ಕನ್ನಡಿಯನ್ನು ನೋಡಲು ಹಿಂಜರಿಯುವವನಿಗೆ ಅದು ಅಲ್ಪವಲ್ಲ. ಅವನ ಆ ದುಗುಡವನ್ನೇ ಬಂಡವಾಳ ಮಾಡಿಕೊಂಡು ನೂರು ವರ್ಷಗಳಿಗೂ ಮಿಗಿಲಾಗಿ ವ್ಯಾಪಾರ ನಡೆದಿದೆ. ಅಂಥವನು ತನ್ನ ಅಧ್ಯಾಪಕನನ್ನು ಕೇಳಿದರೆ, ಹೌದು ಎಂದಾಗಲಿ ಅಲ್ಲ ಎಂದಾಗಲಿ ಥಟ್ಟನೆ ಹೇಳುವುದಕ್ಕಿಂತ ನಾಲ್ಕು ಪ್ರಶ್ನೆಗಳನ್ನು ಅವನ ಕೈಗೆ ಕೊಡುವುದು ಉಚಿತ: ಯಾವ ಬಗೆಯ ಕೂದಲುದುರುವಿಕೆ, ಯಾವುದರೊಡನೆ ಹೋಲಿಸಿದ್ದು, ಎಷ್ಟು ಕಾಲ ನೋಡಿದ್ದು, ಯಾರ ತಲೆಯ ಮೇಲೆ ನೋಡಿದ್ದು. ಈ ನಾಲ್ಕನ್ನು ಕೇಳಬಲ್ಲವನಿಗೆ ಕೂದಲು ಬರುವುದೋ ಬಿಡುವುದೋ, ಮೋಸಹೋಗುವ ಸಂಭವವಂತೂ ಕಡಿಮೆ. ಇತಿಹಾಸದ ಅಧ್ಯಯನದಿಂದ ಇಷ್ಟಾದರೂ ಪ್ರಯೋಜನವಾದರೆ ಈ ಲೇಖನದ ಶ್ರಮ ಸಾರ್ಥಕ.